ಹೊಸ ನೌಕೆ, ಹಳೆಯ ಸಮುದ್ರ
ಮೋಟಾರು ವಿಹಾರನೌಕೆಯಲ್ಲಿ ಮೆಡಿಟರೇನಿಯನ್ ಯಾನ

ಯೂರೋಪು, ಏಷ್ಯ, ಆಫ್ರಿಕ ಎಂಬ ಮೂರು ಖಂಡಗಳ ನಡುವೆ ಹರಡಿಕೊಂಡಿರುವ ಮೆಡಿಟರೇನಿಯನ್ ಸಮುದ್ರಕ್ಕೆ ನಮ್ಮಲ್ಲಿ ಭೂಮಧ್ಯಸಮುದ್ರವೆಂಬ ಹೆಸರೂ ಉಂಟು. ಪಶ್ಚಿಮದಲ್ಲಿ ಸುಮಾರು 14 ಕಿಲೋಮೀಟರ್ ಅಗಲದ ಜಿಬ್ರಾಲ್ಟರ್ ಜಲಸಂಧಿಯೊಂದೇ ಅದಕ್ಕೂ ಮಹಾಸಾಗರಕ್ಕೂ ನಡುವೆ ಪ್ರಕೃತಿ ಇಟ್ಟಿರುವ ಬಾಗಿಲು. ಇದರ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್. ಸರಾಸರಿ ಆಳ ಸುಮಾರು ಒಂದೂವರೆ ಕಿಲೋಮೀಟರ್. ಗ್ರೀಸಿನ ನೈಋತ್ಯಕ್ಕಿರುವ ಅತ್ಯಂತ ಆಳವಾದ ತಗ್ಗು 5 ಕಿಲೋಮೀಟರನ್ನೂ ಮೀರುವುದು. ಫಿನೀಷಿಯನರೂ ಗ್ರೀಕರೂ ರೋಮನರೂ ಹುಟ್ಟುಗೋಲು ಹಾಯಿಗಳಿಂದ ದಾಟಿದ ಈ ಸಮುದ್ರದ ಮೇಲೆ ಇಂದು ಬೇಸಗೆ ಬಂದಿತೆಂದರೆ ಸಾವಿರಾರು ಮೋಟಾರು ವಿಹಾರನೌಕೆಗಳು ಸಂಚರಿಸತೊಡಗುತ್ತವೆ.

ಇಂತಹ ಹೊಸ ನೌಕೆಯೊಂದನ್ನು ಕೊಂಡವನಿಗೆ, ಎಂಜಿನಿನ ಬಲವಿದ್ದ ಮೇಲೆ ಸಮುದ್ರದ ಹಂಗೇಕೆ ಎಂದು ತೋರುವುದು ಸಹಜ. ಗಾಳಿಗಾಗಿ ಕಾಯಬೇಕಾಗಿಲ್ಲ; ಹಾಯಿಯ ಕೌಶಲ ಬೇಕಾಗಿಲ್ಲ. ಆದರೆ ಎಂಜಿನು ಒದಗಿಸುವುದು ಶಕ್ತಿಯನ್ನು ಮಾತ್ರ. ಆ ಶಕ್ತಿಯನ್ನು ನೀರು ಹೇಗೆ ಸ್ವೀಕರಿಸುವುದು, ಅಲೆ ಹೇಗೆ ಎದುರಿಸುವುದು, ಗಾಳಿ ನೌಕೆಯನ್ನು ಎಷ್ಟರಮಟ್ಟಿಗೆ ಓರೆಮಾಡುವುದು ಎಂಬುದೆಲ್ಲ ಯಂತ್ರ ಹುಟ್ಟುವುದಕ್ಕೆ ಮೊದಲಿನಿಂದಲೂ ಇರುವ ನಿಯಮಗಳಿಗೆ ಒಳಪಟ್ಟಿದೆ. ಬಂದರನ್ನು ಬಿಡುವ ಮೊದಲೇ ಆ ನಿಯಮಗಳ ಲೆಕ್ಕವನ್ನು ಮಾಡಿಕೊಂಡವನಿಗೆ ಯಾನವು ವಿಹಾರವಾದೀತು; ಮಾಡದವನಿಗೆ ಪ್ರಾಣಸಂಕಟವೂ ಆದೀತು. ಕಾಲೇಜಿನ ಮೊದಲ ವರ್ಷದ ಭೌತವಿಜ್ಞಾನವೇ ಈ ಲೆಕ್ಕಕ್ಕೆ ಬಹುಮಟ್ಟಿಗೆ ಸಾಕೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಲೆಕ್ಕಕ್ಕಾಗಿ ಒಂದು ನೌಕೆಯನ್ನು ಕಲ್ಪಿಸಿಕೊಳ್ಳೋಣ. ನೀರಿನ ಮಟ್ಟದಲ್ಲಿ ಅದರ ಉದ್ದ 16 ಮೀಟರ್, ತೂಕ 25 ಟನ್. ಎರಡು ಡೀಸೆಲ್ ಎಂಜಿನುಗಳು. 2,400 ಲೀಟರ್ ಎಣ್ಣೆ ಹಿಡಿಯುವ ತೊಟ್ಟಿಗಳು. ಫ್ರಾನ್ಸಿನ ದಕ್ಷಿಣ ತೀರದ ಆಂಟೀಬ್ ಬಂದರಿನಿಂದ ಹೊರಟು ಕಾರ್ಸಿಕ ದ್ವೀಪದ ಕಾಲ್ವಿಗೆ, ಅಲ್ಲಿಂದ ಇಟಲಿಗೂ ಸಿಸಿಲಿಗೂ ನಡುವಣ ಮೆಸೀನಾ ಜಲಸಂಧಿಗೆ, ಅದನ್ನು ದಾಟಿ ಗ್ರೀಸಿನ ದ್ವೀಪಗಳಿಗೆ ಹೋಗಬೇಕೆಂಬುದು ನಮ್ಮ ಉದ್ದೇಶ.

ತೇಲುವ ಲೆಕ್ಕ

ತೇಲುವ ವಸ್ತು ತನ್ನ ತೂಕಕ್ಕೆ ಸಮನಾದ ತೂಕದ ದ್ರವವನ್ನು ಪಕ್ಕಕ್ಕೆ ಸರಿಸುವುದೆಂಬ ತತ್ತ್ವವನ್ನು ಆರ್ಕಿಮಿಡೀಸನು ಪ್ರತಿಪಾದಿಸಿದುದು ಇದೇ ಸಮುದ್ರದ ದಂಡೆಯಲ್ಲಿ, ಸಿಸಿಲಿಯ ಸಿರಕ್ಯೂಸ್ ನಗರದಲ್ಲಿ. ನಮ್ಮ ನೌಕೆ ನದೀತೀರದ ಕಾರ್ಖಾನೆಯಲ್ಲಿ ಸಿದ್ಧವಾಗಿ ಮೊದಲು ಸಿಹಿನೀರಿನಲ್ಲಿ ತೇಲಿತೆಂದು ಭಾವಿಸಿದರೆ, ಅದು ಅಲ್ಲಿ 25 ಘನಮೀಟರ್ ನೀರನ್ನು ಸರಿಸಿರಬೇಕು. ಮೆಡಿಟರೇನಿಯನ್ ನೀರಾದರೋ ಮಹಾಸಾಗರದ ನೀರಿಗಿಂತಲೂ ಉಪ್ಪು. ಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿದ್ದರೆ ಇಲ್ಲಿ ಅನೇಕ ಕಡೆ 38 ಗ್ರಾಂ ಇರುವುದು. ಮಳೆಯಿಂದಲೂ ನದಿಗಳಿಂದಲೂ ಬರುವುದಕ್ಕಿಂತ ಹೆಚ್ಚು ನೀರು ಬಿಸಿಲಿಗೆ ಆವಿಯಾಗಿ ಹೋಗುವುದೇ ಇದಕ್ಕೆ ಕಾರಣ. ಆ ಕೊರತೆಯನ್ನು ತುಂಬಲು ಜಿಬ್ರಾಲ್ಟರಿನಲ್ಲಿ ಅಟ್ಲಾಂಟಿಕ್ ನೀರು ಮೇಲ್ಪದರದಲ್ಲಿ ಸದಾ ಒಳಕ್ಕೆ ಹರಿಯುತ್ತದೆ; ಹೆಚ್ಚು ಉಪ್ಪಾದ ಭಾರವಾದ ನೀರು ಅದರ ಅಡಿಯಲ್ಲಿ ಹೊರಕ್ಕೆ ಹೋಗುತ್ತದೆ.

ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ನೂರಕ್ಕೆ ಸುಮಾರು 2.8ರಷ್ಟು ಹೆಚ್ಚು. ಆದುದರಿಂದ ನೌಕೆ ಸಮುದ್ರದಲ್ಲಿ 24.3 ಘನಮೀಟರ್ ನೀರನ್ನು ಸರಿಸಿದರೆ ಸಾಕು. ನೀರಿನ ಮಟ್ಟದಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ 50 ಚದರ ಮೀಟರ್ ಎಂದಿಟ್ಟುಕೊಂಡರೆ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೇಳುವುದು. ಈ ಅಂತರ ಅಲ್ಪ. ಹೊಸ ನೌಕೆಯ ಪಾಲಿಗೆ ದೊಡ್ಡ ಪ್ರಶ್ನೆ ಬೇರೊಂದುಂಟು: ಅದು ಎಷ್ಟು ವೇಗವಾಗಿ ಹೋಗಬಲ್ಲದು, ಮತ್ತು ಆ ವೇಗಕ್ಕೆ ಏನು ಬೆಲೆ ತೆರಬೇಕು?

ತಾನೇ ಎಬ್ಬಿಸಿದ ಅಲೆಯ ಸೆರೆ

ಸಮುದ್ರಯಾನದಲ್ಲಿ ವೇಗವನ್ನು ನಾಟ್ ಎಂಬ ಮಾನದಿಂದ ಅಳೆಯುವರು. ಗಂಟೆಗೆ ಒಂದು ನಾವಿಕ ಮೈಲಿ, ಎಂದರೆ 1.852 ಕಿಲೋಮೀಟರ್, ಸಾಗಿದರೆ ಅದು ಒಂದು ನಾಟ್.

ನೌಕೆ ಚಲಿಸುವಾಗ ಅದರ ಮುಂತುದಿ ನೀರನ್ನು ಒತ್ತಿ ಒಂದು ಉಬ್ಬನ್ನು ಎಬ್ಬಿಸುವುದು. ಅದರ ಹಿಂದೆ ತಗ್ಗು, ಮತ್ತೆ ಉಬ್ಬು, ಹೀಗೆ ಅಲೆಗಳ ಸಾಲೊಂದು ನೌಕೆಯ ವೇಗದಲ್ಲಿಯೇ ಅದರ ಜೊತೆಗೆ ಬರುವುದು. ಆಳವಾದ ನೀರಿನಲ್ಲಿ ಅಲೆಯ ವೇಗಕ್ಕೂ ಅಲೆಯುದ್ದಕ್ಕೂ ಖಚಿತವಾದ ಸಂಬಂಧವಿದೆ. ವೇಗದ ವರ್ಗವನ್ನು 2π ಯಿಂದ ಗುಣಿಸಿ ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿದರೆ ಅಲೆಯುದ್ದ ದೊರೆಯುವುದು. ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಅಲೆಯುದ್ದ 4 ಮೀಟರ್. ನಮ್ಮ ನೌಕೆಯ ಉದ್ದದಲ್ಲಿ ಇಂತಹ ನಾಲ್ಕು ಅಲೆಗಳು ಹಿಡಿಯುವುವು. ವೇಗ ಇಮ್ಮಡಿಸಿ 5 ಮೀಟರ್ ಆದಾಗ ಅಲೆಯುದ್ದ ನಾಲ್ಕು ಪಟ್ಟಾಗಿ 16 ಮೀಟರ್ ಆಗುವುದು. ಇದು ನೌಕೆಯ ಉದ್ದಕ್ಕೆ ಸರಿಸಮ: ಮುಂತುದಿ ಒಂದು ಉಬ್ಬಿನ ಮೇಲೆ, ಹಿಂತುದಿ ಮುಂದಿನ ಉಬ್ಬಿನ ಮೇಲೆ. ಈ ವೇಗ ಸುಮಾರು 9.7 ನಾಟ್.

ಇದಕ್ಕಿಂತ ವೇಗವಾಗಿ ಹೋಗಲೆಳಸಿದರೆ ಹಿಂತುದಿ ತಗ್ಗಿಗೆ ಜಾರುವುದು, ಮುಂತುದಿ ಮೇಲೇಳುವುದು. ನೌಕೆ ತಾನೇ ಎಬ್ಬಿಸಿದ ಅಲೆಯ ಇಳಿಜಾರನ್ನು ಹತ್ತಲು ಹೆಣಗುತ್ತ ಅದರ ಸೆರೆಯಲ್ಲಿ ಸಿಲುಕುವುದು. ಅಲ್ಲಿಂದ ಮುಂದೆ ವೇಗದ ಅಲ್ಪವಾದ ಏರಿಕೆಗೂ ಅಪಾರವಾದ ಶಕ್ತಿ ಬೇಕಾಗುವುದು. ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರನು 1870ರ ದಶಕದ ಆರಂಭದಲ್ಲಿ ಟಾರ್ಕೀ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ನೌಕೆಗಳ ಮಾದರಿಗಳನ್ನು ಎಳೆಸಿ, ಈ ತಡೆಯನ್ನು ಅಳೆದನು. ವೇಗಗಳು ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿದ್ದರೆ ಚಿಕ್ಕ ಮಾದರಿಯೂ ದೊಡ್ಡ ಹಡಗೂ ಒಂದೇ ರೂಪದ ಅಲೆಗಳನ್ನು ಎಬ್ಬಿಸುವುವೆಂದು ಅವನು ತೋರಿಸಿಕೊಟ್ಟನು. ನೌಕೆಗಳ ವಿನ್ಯಾಸದಲ್ಲಿ ಈ ನಿಯಮ ಇಂದಿಗೂ ಬಳಕೆಯಲ್ಲಿದೆ.

ಹಾಗಾದರೆ ಆಧುನಿಕ ನೌಕೆಗಳು 20 ನಾಟ್ ವೇಗದಲ್ಲಿ ಹೋಗುವುದು ಹೇಗೆ? ಅವುಗಳ ಒಡಲಿನ ತಳ ಹಿಂಭಾಗದಲ್ಲಿ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಎಂಜಿನಿಗೆ ಸಾಕಷ್ಟು ಸಾಮರ್ಥ್ಯವಿದ್ದರೆ ನೀರಿನ ಒತ್ತಡವೇ ಒಡಲನ್ನು ಮೇಲೆತ್ತಿ, ನೌಕೆ ತನ್ನ ಅಲೆಯನ್ನು ಏರಿ, ಕೆರೆಯ ಮೇಲೆ ಎಸೆದ ಹಂಚಿನ ಚೂರಿನಂತೆ ನೀರಿನ ಮೇಲೆ ಜಾರತೊಡಗುವುದು. ಇದು ಸಾಧ್ಯ, ಆದರೆ ದುಬಾರಿ.

ಎಣ್ಣೆಯ ಜಮಾಖರ್ಚು

ಒಂದು ಲೀಟರ್ ಡೀಸೆಲ್ ಎಣ್ಣೆಯಲ್ಲಿ ಸುಮಾರು 10 ಕಿಲೋವಾಟ್ ಗಂಟೆಗಳಷ್ಟು ಶಕ್ತಿ ಅಡಗಿದೆ. ಒಳ್ಳೆಯ ಎಂಜಿನು ಅದರಲ್ಲಿ ನೂರಕ್ಕೆ 40ರಷ್ಟನ್ನು ತಿರುಗುವ ದಂಡಕ್ಕೆ ಮುಟ್ಟಿಸುವುದು. ಉಳಿದುದು ಶಾಖವಾಗಿ ಹೋಗುವುದು. ದಂಡಕ್ಕೆ ಬಂದುದರಲ್ಲಿಯೂ ಅರ್ಧದ ಆಸುಪಾಸಿನಷ್ಟೇ ಪ್ರೊಪೆಲರಿನ ಮೂಲಕ ನೌಕೆಯನ್ನು ನೂಕಲು ಒದಗುವುದು. ಕೊಂಡ ಎಣ್ಣೆಯಲ್ಲಿ ಐದನೆಯ ಒಂದು ಪಾಲು ಮಾತ್ರ ಪ್ರಯಾಣಕ್ಕೆ ಸಂದಿತೆಂದಾಯಿತು.

ನಮ್ಮ ಗಾತ್ರದ ನೌಕೆಗೆ 8 ನಾಟ್ ವೇಗದಲ್ಲಿ ಸುಮಾರು 60 ಕಿಲೋವಾಟ್ ಸಾಕೆಂದೂ, 20 ನಾಟ್ ವೇಗದಲ್ಲಿ ಸುಮಾರು 640 ಕಿಲೋವಾಟ್ ಬೇಕೆಂದೂ ಸ್ಥೂಲವಾಗಿ ಭಾವಿಸೋಣ. ಮೊದಲನೆಯದಕ್ಕೆ ಗಂಟೆಗೆ 15 ಲೀಟರ್, ಎರಡನೆಯದಕ್ಕೆ 160 ಲೀಟರ್ ಖರ್ಚು. ಆಂಟೀಬಿನಿಂದ ಕಾಲ್ವಿಗೆ ಸುಮಾರು 100 ನಾವಿಕ ಮೈಲಿ. ನಿಧಾನವಾಗಿ ಹೋದರೆ ಹನ್ನೆರಡೂವರೆ ಗಂಟೆ, 190 ಲೀಟರ್. ವೇಗವಾಗಿ ಹೋದರೆ 5 ಗಂಟೆ, 800 ಲೀಟರ್. ಏಳೂವರೆ ಗಂಟೆಗಳ ಉಳಿತಾಯಕ್ಕೆ 600 ಲೀಟರಿಗೂ ಮಿಕ್ಕು ಎಣ್ಣೆಯನ್ನು ತೆರಬೇಕಾಯಿತು.

ನಾವಿಕರಲ್ಲಿ ಒಂದು ಹಳೆಯ ಪದ್ಧತಿಯುಂಟು: ಎಣ್ಣೆಯಲ್ಲಿ ಮೂರನೆಯ ಒಂದು ಭಾಗ ಹೋಗುವುದಕ್ಕೆ, ಒಂದು ಭಾಗ ಹಿಂದಿರುಗುವುದಕ್ಕೆ, ಒಂದು ಭಾಗ ಆಪತ್ತಿಗೆ. ನಮ್ಮ ಮೂರನೆಯ ಒಂದು ಭಾಗ 800 ಲೀಟರ್. ಎಂಟು ನಾಟ್ ವೇಗದಲ್ಲಿ ಅದು 420 ಮೈಲಿಗೂ ಹೆಚ್ಚು ದೂರ ಒಯ್ಯಬಲ್ಲದು. 20 ನಾಟ್ ವೇಗದಲ್ಲಿ ಕಾಲ್ವಿಯ ಬಾಗಿಲಿಗೆ ಮುಟ್ಟುವಾಗಲೇ ಅದು ಬರಿದಾಗುವುದು. ತೊಟ್ಟಿ ಒಂದೇ, ಎಂಜಿನೂ ಒಂದೇ. ವೇಗದ ಆಯ್ಕೆಯೊಂದರಿಂದಲೇ ನೌಕೆಯ ವ್ಯಾಪ್ತಿ ನಾಲ್ಕನೆಯ ಒಂದು ಪಾಲಿಗೆ ಕುಗ್ಗುವುದು.

ನಿರ್ಮಲ ಆಕಾಶದ ಬಿರುಗಾಳಿ

ಆಂಟೀಬಿನಿಂದ ಹೊರಡುವ ದಿನ ಆಕಾಶ ಶುಭ್ರವಾಗಿದೆಯೆಂದು ನಂಬುವಂತಿಲ್ಲ. ಆಲ್ಪ್ಸ್ ಪರ್ವತಕ್ಕೂ ಫ್ರಾನ್ಸಿನ ಮಧ್ಯದ ಪ್ರಸ್ಥಭೂಮಿಗೂ ನಡುವೆ ರೋನ್ ನದಿಯ ಕಣಿವೆಯಿದೆ. ಉತ್ತರದ ತಣ್ಣನೆಯ ಗಾಳಿ ಈ ಇಕ್ಕಟ್ಟಿನಲ್ಲಿ ನುಗ್ಗಿ ವೇಗವನ್ನು ಪಡೆದು ಲಿಯೋನ್ ಕೊಲ್ಲಿಯ ಮೇಲೆ ಬಿರುಸಿನಿಂದ ಬೀಸುವುದು. ಇದೇ ಮಿಸ್ಟ್ರಾಲ್. ಗಂಟೆಗೆ 100 ಕಿಲೋಮೀಟರನ್ನು ಮೀರಿದ ಬೀಸುಗಳೂ ಉಂಟು. ಒಣಗಾಳಿಯಾದುದರಿಂದ ಅದು ಮೋಡಗಳನ್ನು ಚದರಿಸಿ ಆಕಾಶವನ್ನು ತೊಳೆದಿಟ್ಟಂತೆ ಮಾಡುವುದು. ಮಳೆಮೋಡವನ್ನು ಕಂಡು ಗಾಳಿಯನ್ನು ಊಹಿಸುವ ನಮ್ಮಂಥವರು ಇಲ್ಲಿ ಮೋಸಹೋಗುವುದು ಸುಲಭ.

ಗಾಳಿಯ ವೇಗ, ಅದು ಬೀಸಿದ ಕಾಲ, ತಡೆಯಿಲ್ಲದೆ ನೀರಿನ ಮೇಲೆ ಹರಿದ ದೂರ, ಈ ಮೂರರಿಂದ ಅಲೆಯ ಗಾತ್ರ ನಿರ್ಧಾರವಾಗುವುದು. ಮಹಾಸಾಗರದಲ್ಲಿ ಆ ದೂರ ಅಪಾರವಾದುದರಿಂದ ಅಲೆಗಳು ಬೆಳೆದು ನೀಳವಾಗುತ್ತವೆ. ಹನ್ನೆರಡು ಸೆಕೆಂಡಿನ ಸಾಗರದ ಅಲೆಯ ಉದ್ದ 225 ಮೀಟರ್. ಅದರ ಮೇಲೆ ನಮ್ಮ ನೌಕೆ ನಿಧಾನವಾಗಿ ಏರಿ ಇಳಿಯುವುದು. ಮೆಡಿಟರೇನಿಯನ್ನಿನಲ್ಲಿ ಎಲ್ಲ ಕಡೆಯೂ ನೆಲ ಹತ್ತಿರ. ಆದುದರಿಂದ ಐದಾರು ಸೆಕೆಂಡುಗಳ ಮೋಟು ಅಲೆಗಳೇ ಹೆಚ್ಚು. ಐದು ಸೆಕೆಂಡಿನ ಅಲೆಯ ಉದ್ದ 39 ಮೀಟರ್, ವೇಗ ಸೆಕೆಂಡಿಗೆ 7.8 ಮೀಟರ್. ಎತ್ತರ ಒಂದೇ ಆದರೂ ಉದ್ದ ಕಡಮೆಯಾದುದರಿಂದ ಇವುಗಳ ಇಳಿಜಾರು ಕಡಿದು.

ಇಂತಹ ಅಲೆಗಳಿಗೆ ಎದುರಾಗಿ 8 ನಾಟ್ ವೇಗದಲ್ಲಿ ಹೋದರೆ ಸುಮಾರು 3.3 ಸೆಕೆಂಡಿಗೊಂದು ಅಲೆ ಮುಂತುದಿಗೆ ಬಡಿಯುವುದು. 20 ನಾಟ್ ವೇಗದಲ್ಲಿ 2.2 ಸೆಕೆಂಡಿಗೊಂದು, ಅದೂ ಹೆಚ್ಚಿನ ರಭಸದಿಂದ. ಬಂದರಿನೊಳಗೆ ಹೆಮ್ಮೆಯೆನಿಸಿದ ವೇಗವನ್ನು ಅಲ್ಲಿ ಯಾರೂ ಉಳಿಸಿಕೊಳ್ಳಲಾರರು. ಅಲೆಗಳು ಹಿಂದಿನಿಂದ ಬಂದರೆ ಮತ್ತೊಂದು ತೊಡಕು. ನೌಕೆಯ ವೇಗ ಅಲೆಯ ವೇಗಕ್ಕೆ, ಎಂದರೆ ಸುಮಾರು 15 ನಾಟಿಗೆ, ಸಮೀಪಿಸಿದಾಗ ಅದು ಅಲೆಯ ಇಳಿಜಾರಿನ ಮೇಲೆಯೇ ಬಹಳ ಹೊತ್ತು ನಿಲ್ಲುವುದು. ಉಬ್ಬಿನಲ್ಲಿ ನೀರೂ ಮುಂದಕ್ಕೆ ಚಲಿಸುತ್ತಿರುವುದರಿಂದ ಚುಕ್ಕಾಣಿಯ ಮೇಲಿನ ಹರಿವು ತಗ್ಗಿ ಅದು ನಿಷ್ಪ್ರಯೋಜಕವಾಗುವುದು; ನೌಕೆ ಅಡ್ಡತಿರುಗಿ ಅಲೆಗೆ ಪಕ್ಕೆಯೊಡ್ಡುವುದು.

ಹೊಸ ನೌಕೆಗೆ ಇದರಲ್ಲಿ ವಿಶೇಷವಾದ ಪರೀಕ್ಷೆಯೊಂದಿದೆ. ಕಟ್ಟುವಾಗ ಎಣ್ಣೆಯ ತೊಟ್ಟಿಯಲ್ಲಿ ಉಳಿದ ಕಸ ಶಾಂತಜಲದಲ್ಲಿ ತಳದಲ್ಲಿಯೇ ಇರುವುದು. ಅಲೆಗಳ ಕುಲುಕಾಟದಲ್ಲಿ ಅದು ಕದಡಿ ಶೋಧಕವನ್ನು ಕಟ್ಟುವುದು, ಎಂಜಿನು ನಿಲ್ಲುವುದು. ಎಂಜಿನಿನ ಅಗತ್ಯ ಅತ್ಯಂತ ಹೆಚ್ಚಾಗಿರುವಾಗಲೇ ಅದು ಕೈಕೊಡುವ ಸಂಭವವೂ ಹೆಚ್ಚೆಂದಾಯಿತು. ಮೊದಲ ಕೆಲವು ಯಾನಗಳನ್ನು ತೀರದ ಬಳಿಯಲ್ಲಿಯೇ ನಡೆಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಸಮತೋಲದ ಪ್ರಶ್ನೆ

ನೌಕೆಯ ತೂಕ ಗುರುತ್ವಕೇಂದ್ರದ ಮೂಲಕ ಕೆಳಕ್ಕೂ, ನೀರಿನ ತೇಲಿಸುವ ಬಲ ಮುಳುಗಿದ ಭಾಗದ ಕೇಂದ್ರದ ಮೂಲಕ ಮೇಲಕ್ಕೂ ವರ್ತಿಸುವುದಷ್ಟೆ. ನೌಕೆ ಓರೆಯಾದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಅದರ ಕೇಂದ್ರ ಓರೆಯಾದ ಕಡೆಗೆ ಸರಿಯುವುದು. ಆಗ ಎರಡು ಬಲಗಳೂ ಸೇರಿ ನೌಕೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಬಲಯುಗ್ಮವಾಗುವುವು. ತೇಲಿಸುವ ಬಲದ ಹೊಸ ರೇಖೆಯು ನೌಕೆಯ ನಡುರೇಖೆಯನ್ನು ಕೂಡುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರಿಟ್ಟವನು ಫ್ರಾನ್ಸಿನ ಪಿಯರ್ ಬುಗೇ. ಆ ಗ್ರಂಥ ಪ್ರಕಟವಾದುದು 1746ರಲ್ಲಿ. ಗುರುತ್ವಕೇಂದ್ರ ಈ ಬಿಂದುವಿಗಿಂತ ಕೆಳಗಿರುವವರೆಗೆ ಅಲ್ಪಸ್ವಲ್ಪ ಓರೆಯಾದ ನೌಕೆ ನೆಟ್ಟಗಾಗುವುದು.

ಹೊಸ ನೌಕೆಯ ಒಡೆಯನು ಮೇಲಟ್ಟದ ಮೇಲೆ 400 ಕಿಲೋಗ್ರಾಂ ತೂಕದ ಚಿಕ್ಕ ದೋಣಿಯನ್ನೂ ಅದನ್ನೆತ್ತುವ ಯಂತ್ರವನ್ನೂ ಇರಿಸಿದನೆನ್ನೋಣ. ಅವು ಗುರುತ್ವಕೇಂದ್ರಕ್ಕಿಂತ 4 ಮೀಟರ್ ಎತ್ತರದಲ್ಲಿದ್ದರೆ ಇಡೀ ನೌಕೆಯ ಗುರುತ್ವಕೇಂದ್ರ 6 ಸೆಂಟಿಮೀಟರಿಗೂ ಮಿಕ್ಕು ಮೇಲೇರುವುದು. ಅರೆತುಂಬಿದ ತೊಟ್ಟಿಗಳಲ್ಲಿ ಎಣ್ಣೆಯೂ ನೀರೂ ಓರೆಯಾದ ಕಡೆಗೇ ಹರಿದು ಸಮತೋಲವನ್ನು ಮತ್ತಷ್ಟು ಕುಗ್ಗಿಸುವುವು. ಗಾಳಿಯ ಒತ್ತಡವಾದರೋ ವೇಗದ ವರ್ಗಕ್ಕನುಸಾರವಾಗಿ ಬೆಳೆಯುವುದು. ಸೆಕೆಂಡಿಗೆ 10 ಮೀಟರ್ ಗಾಳಿ ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ಭಾರದಂತೆ ಒತ್ತಿದರೆ 30 ಮೀಟರ್ ಗಾಳಿ ಅದರ ಒಂಬತ್ತು ಪಟ್ಟು ಒತ್ತುವುದು.

ಈ ಮಾತುಗಳು ಬರಿಯ ಪಾಠವಲ್ಲ. ಬೇಯೇಸಿಯನ್ ಎಂಬ 56 ಮೀಟರ್ ಉದ್ದದ ವಿಹಾರನೌಕೆ 2024ರ ಆಗಸ್ಟ್ 19ರಂದು, ಬೆಳಕು ಹರಿಯುವ ಮೊದಲು, ಸಿಸಿಲಿಯ ಪೊರ್ಟಿಚೆಲ್ಲೊ ಎಂಬಲ್ಲಿ ಲಂಗರು ಹಾಕಿಕೊಂಡಿದ್ದಾಗ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ 22 ಜನರಲ್ಲಿ 7 ಮಂದಿ ಸತ್ತರು. ಅದು ಹಾಯಿನೌಕೆ, ಆದರೆ ಆಗ ಹಾಯಿಗಳೆಲ್ಲ ಇಳಿದಿದ್ದುವು, ತಳದಲ್ಲಿ ಕೆಳಗಿಳಿಸಬಹುದಾದ ಫಲಕವೂ ಮೇಲೆ ಸೆಳೆದಿತ್ತು. ಈ ಸ್ಥಿತಿಯಲ್ಲಿ 63 ನಾಟನ್ನು ಮೀರಿದ ಗಾಳಿ ಪಕ್ಕದಿಂದ ಬೀಸಿದರೆ ನೌಕೆ ಮಗುಚಬಹುದೆಂದು ಬ್ರಿಟನ್ನಿನ ಸಮುದ್ರ ಅಪಘಾತಗಳ ತನಿಖಾ ಸಂಸ್ಥೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಮಧ್ಯಂತರ ವರದಿಯಲ್ಲಿ ಲೆಕ್ಕಹಾಕಿ ತೋರಿಸಿತು. ನೌಕೆಯಲ್ಲಿದ್ದ ಸಮತೋಲದ ಪುಸ್ತಕದಲ್ಲಿ ಈ ದೌರ್ಬಲ್ಯ ನಮೂದಾಗಿರಲಿಲ್ಲ. ಒಡೆಯರಿಗಾಗಲಿ ನಾವಿಕರಿಗಾಗಲಿ ಅದು ತಿಳಿದಿರಲಿಲ್ಲವೆಂದೂ ಅದೇ ವರದಿ ಹೇಳುತ್ತದೆ. ಆ ಒಂದು ಅಂಕಿ ಮೊದಲೇ ಕೈಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ವಾಚಕರೇ ಯೋಚಿಸಬಹುದು.

ಭರತವಿಲ್ಲದ ಸಮುದ್ರದಲ್ಲಿ ಸುಳಿಗಳು

ಮೆಡಿಟರೇನಿಯನ್ ಬಹುಮಟ್ಟಿಗೆ ಮುಚ್ಚಿದ ಸಮುದ್ರವಾದುದರಿಂದ ಬಹಳ ಕಡೆ ಭರತ ಇಳಿತಗಳ ಅಂತರ ಕೆಲವೇ ಅಂಗುಲ. ಹೀಗಿದ್ದರೂ ಸುಮಾರು 3 ಕಿಲೋಮೀಟರ್ ಅಗಲದ ಮೆಸೀನಾ ಜಲಸಂಧಿಯಲ್ಲಿ 4–5 ನಾಟ್ ವೇಗದ ಪ್ರವಾಹಗಳುಂಟು. ಉತ್ತರದ ಟಿರ್ರೀನಿಯನ್ ಸಮುದ್ರದಲ್ಲಿ ಭರತವಿರುವಾಗ ದಕ್ಷಿಣದ ಅಯೋನಿಯನ್ ಸಮುದ್ರದಲ್ಲಿ ಇಳಿತವಿರುವುದು. ಆ ಅಲ್ಪ ಎತ್ತರದ ವ್ಯತ್ಯಾಸವೇ ನೀರನ್ನು ನುಗ್ಗಿಸಿ ಸುಳಿಗಳನ್ನು ಎಬ್ಬಿಸುವುದು. ಹೋಮರನ ಕಾವ್ಯದಲ್ಲಿ ನೌಕೆಗಳನ್ನು ನುಂಗುವ ಕರಿಬ್ಡಿಸ್ ಎಂಬ ರಾಕ್ಷಸಿಯನ್ನು ಪ್ರಾಚೀನರು ಇಲ್ಲಿಯೇ ಗುರುತಿಸಿದರು. ನಾಲ್ಕು ನಾಟ್ ಪ್ರವಾಹಕ್ಕೆ ಎದುರಾಗಿ 8 ನಾಟ್ ವೇಗದಲ್ಲಿ ಹೋದರೆ ನೆಲದ ಲೆಕ್ಕದಲ್ಲಿ ನಾವು ಸಾಗುವುದು ನಾಲ್ಕೇ ನಾಟ್. ಪ್ರತಿ ಮೈಲಿಗೂ ಎಣ್ಣೆ ಇಮ್ಮಡಿ. ಕೆಲವು ಗಂಟೆ ಕಾದರೆ ಅದೇ ಪ್ರವಾಹ ನಮ್ಮನ್ನು ಹೊತ್ತೊಯ್ಯುವುದು. ಗ್ರೀಸಿನ ಕಾಲ್ಕಿಸ್ ಬಳಿಯ ಯೂರಿಪಸ್ ಜಲಸಂಧಿಯಲ್ಲಿಯೂ ನೀರು ದಿನಕ್ಕೆ ಅನೇಕ ಬಾರಿ ದಿಕ್ಕು ಬದಲಿಸುವುದು. ಅದರ ಕಾರಣ ಬಗೆಹರಿಯದೆ ಅರಿಸ್ಟಾಟಲನು ಅದರಲ್ಲಿಯೇ ಧುಮುಕಿದನೆಂಬ ಕಟ್ಟುಕಥೆಯೊಂದುಂಟು.

ಈಜಿಯನ್ ಸಮುದ್ರವನ್ನು ಹೊಕ್ಕ ಮೇಲೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿ ಎದುರಾಗುವುದು. ಪ್ರತಿವರ್ಷವೂ ತಪ್ಪದೆ ಬರುವುದರಿಂದ ಗ್ರೀಕರು ಇದನ್ನು ವಾರ್ಷಿಕ ಮಾರುತವೆಂದು ಕರೆದರು. ಬಾಲ್ಕನ್ ಪ್ರದೇಶದ ಮೇಲೆ ವಾಯುಭಾರ ಹೆಚ್ಚಾಗಿಯೂ ಆನಟೋಲಿಯದ ಮೇಲೆ ಕಡಮೆಯಾಗಿಯೂ ಇರುವುದೇ ಇದಕ್ಕೆ ಕಾರಣ. ಆ ಕಡಮೆ ಭಾರದ ಪ್ರದೇಶವಾದರೋ ನಮ್ಮ ಉಪಖಂಡದ ಮುಂಗಾರಿನ ಕಡಮೆ ಭಾರದ ವಲಯದ ಪಶ್ಚಿಮದ ಬಾಹು. ಮಲೆನಾಡಿನಲ್ಲಿ ಮಳೆ ಸುರಿಯುವ ಕಾಲದಲ್ಲಿಯೇ ಗ್ರೀಸಿನ ದ್ವೀಪಗಳಲ್ಲಿ ಈ ಒಣಗಾಳಿ ನೌಕೆಗಳನ್ನು ಬಂದರಿನಲ್ಲಿ ಕಟ್ಟಿಹಾಕುವುದು.

ಲಂಗರೂ ಹುಲ್ಲುಗಾವಲೂ

ಲಂಗರು ಹಿಡಿಯುವುದು ತನ್ನ ತೂಕವೊಂದರಿಂದಲೇ ಅಲ್ಲ. ಸರಪಳಿ ಅದನ್ನು ನೆಲಕ್ಕೆ ಸಮಾಂತರವಾಗಿ ಎಳೆಯುವವರೆಗೆ ಅದು ತಳದಲ್ಲಿ ಹೂತುಕೊಳ್ಳುವುದು. ಎಳೆತ ಮೇಲ್ಮುಖವಾದರೆ ಕಿತ್ತುಬರುವುದು. ಸರಪಳಿ ಪೂರ್ಣವಾಗಿ ತಳದಿಂದ ಮೇಲೇಳಲು ಬೇಕಾದ ಬಲವು ಅದರ ಉದ್ದದ ವರ್ಗದಿಂದ ಆಳದ ವರ್ಗವನ್ನು ಕಳೆದರೆ ಬರುವ ಸಂಖ್ಯೆಗೆ ಅನುಪಾತದಲ್ಲಿದೆ. ಮುಂತುದಿಯಿಂದ ತಳಕ್ಕೆ 6 ಮೀಟರ್ ಇರುವಲ್ಲಿ 18 ಮೀಟರ್ ಸರಪಳಿಗೆ ಈ ಸಂಖ್ಯೆ 288. 30 ಮೀಟರಿಗೆ 864. ಹನ್ನೆರಡು ಮೀಟರ್ ಹೆಚ್ಚಿಗೆ ಬಿಟ್ಟುದರಿಂದ ಭದ್ರತೆ ಮೂರು ಪಟ್ಟಾಯಿತು.

ಆದರೆ ಎಲ್ಲಿ ಬಿಡಬೇಕೆಂಬುದನ್ನೂ ನೋಡಬೇಕು. ಇಲ್ಲಿನ ಮರಳುತಳದಲ್ಲಿ ಪೊಸಿಡೋನಿಯ ಎಂಬ ಸಮುದ್ರಹುಲ್ಲಿನ ವಿಶಾಲವಾದ ಗಾವಲುಗಳಿವೆ. ಮೀನಿನ ಮರಿಗಳಿಗೆ ಆಶ್ರಯವಾಗಿ, ಮರಳನ್ನು ಹಿಡಿದಿಟ್ಟು, ಇಂಗಾಲವನ್ನು ನೆಲದಲ್ಲಿ ಹೂಳುವ ಈ ಸಸ್ಯ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುವುದು. ಲಂಗರೊಂದು ನಿಮಿಷದಲ್ಲಿ ಉತ್ತ ಗೆರೆ ಮುಚ್ಚಲು ದಶಕಗಳು ಬೇಕು. ಆದುದರಿಂದ ಫ್ರಾನ್ಸ್ ತನ್ನ ಮೆಡಿಟರೇನಿಯನ್ ತೀರದಲ್ಲಿ 24 ಮೀಟರ್ ಹಾಗೂ ಅದಕ್ಕೂ ಉದ್ದವಾದ ನೌಕೆಗಳು ಈ ಗಾವಲುಗಳ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದೆ. ನಮ್ಮದು ಚಿಕ್ಕ ನೌಕೆಯಾದರೂ ಬರಿಯ ಮರಳನ್ನು ಹುಡುಕುವುದೇ ಲೇಸು.

ನೀಲಿಯ ಕಾರಣ

ಆಳದ ನೀರಿನ ಅಚ್ಚನೀಲಿಯನ್ನು ಕಂಡು ಮರುಳಾಗದ ಪ್ರಯಾಣಿಕನಿಲ್ಲ. ಅದು ಆಕಾಶದ ಪ್ರತಿಬಿಂಬವೆಂದು ಒಂದು ಕಾಲಕ್ಕೆ ಹಲವರು ನಂಬಿದ್ದರು. 1921ರಲ್ಲಿ ಈ ಸಮುದ್ರದ ಮೇಲೆ ಪ್ರಯಾಣ ಮಾಡಿದ ಸಿ. ವಿ. ರಾಮನ್ ಅವರು ನಿಕೋಲ್ ಪಟ್ಟಕದ ಮೂಲಕ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುವುವೆಂಬ ತಮ್ಮ ನಿರ್ಣಯವನ್ನು ಅವರು ಆ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರನ್ನು ಮುಟ್ಟುತ್ತಲೇ ಬರೆದು ಕಳುಹಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಚದರಿಕೆಯ ಅಭ್ಯಾಸವು 1928ರಲ್ಲಿ ರಾಮನ್ ಪರಿಣಾಮದ ಶೋಧನೆಗೆ ಒಯ್ದಿತು. 1933ರಿಂದ ಬೆಂಗಳೂರೇ ಅವರ ಕರ್ಮಭೂಮಿಯಾಯಿತು.

ಭಾರಿ ನೌಕೆಯೇ ಬೇಕೆಂದೇನೂ ಇಲ್ಲ. ನಮ್ಮೂರ ಕೆರೆಯ ಏರಿಯ ಮೇಲೆ ನಿಂತು ಈಜುವ ಬಾತುಕೋಳಿಯ ಹಿಂದೆ ಕವಲೊಡೆಯುವ ಅಲೆಗಳನ್ನು ಗಮನಿಸಬಹುದು. ಆಳವಾದ ನೀರಿನಲ್ಲಿ ಆ ಎರಡು ಕವಲುಗಳ ನಡುವಣ ಕೋನ ಸುಮಾರು 39 ಡಿಗ್ರಿಗಳೆಂದು ಲಾರ್ಡ್ ಕೆಲ್ವಿನ್ 1887ರಲ್ಲಿ ಗಣಿತದಿಂದ ತೋರಿಸಿದನು. ಬಹಳ ವೇಗದ ದೋಣಿಗಳ ಹಿಂದೆ ಅದು ಕಿರಿದಾಗಿ ಕಾಣುವುದಾದರೂ, 8 ನಾಟ್ ವೇಗದಲ್ಲಿ ಕಾರ್ಸಿಕಕ್ಕೆ ಸಾಗುವ ನಮ್ಮ ನೌಕೆಯ ಹಿಂದೆಯೂ ಕೋನ ಅಷ್ಟೇ. ಕೋನಮಾಪಕವನ್ನೂ ಒಂದು ಛಾಯಾಚಿತ್ರವನ್ನೂ ಇಟ್ಟುಕೊಂಡು ವಾಚಕರು ಇದನ್ನು ತಾವೇ ಅಳೆದು ನೋಡಬಹುದು.